ಗತ್ತು ಗೈರತ್ತು: ಸುರಪುರ ಸೀಮೆಯ ಚರಿತ್ರೆಯಿಂದ



ಮನುಷ್ಯನು ಎದೆಯೆತ್ತಿ ನಡೆಯುವ ರೀತಿಗೂ ದೇಶದ ಚರಿತ್ರೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಚರಿತ್ರಕಾರರು ಸಾಮಾನ್ಯವಾಗಿ ರಾಜರ ವಂಶಾವಳಿಯನ್ನೂ ಯುದ್ಧಗಳ ತಿಥಿಗಳನ್ನೂ ಕಂದಾಯದ ಲೆಕ್ಕವನ್ನೂ ಸಂಗ್ರಹಿಸುವರೇ ಹೊರತು, ಒಬ್ಬನು ರುಮಾಲನ್ನು ಯಾವ ಓರೆಗೆ ಸುತ್ತಿದನು, ಮೀಸೆಯ ಮೇಲೆ ಯಾವಾಗ ಕೈಯೇರಿಸಿದನು ಎಂಬುದನ್ನು ಬರೆದಿಡುವುದು ವಿರಳ. ಆದರೂ ಕೆಲವು ಕಾಲಗಳಲ್ಲಿ, ಕೆಲವು ಸೀಮೆಗಳಲ್ಲಿ, ಒಂದು ಸಂಸ್ಥಾನದ ಅಳಿವು ಉಳಿವುಗಳು ಇಂಥ ಠೀವಿಯನ್ನೇ ಆಶ್ರಯಿಸಿಕೊಂಡಿದ್ದುವೆಂಬುದು ವಿಚಾರಮಾಡಿದರೆ ತಿಳಿದುಬರುತ್ತದೆ. ಅಂಥ ಒಂದು ಸೀಮೆಯ ಕಥೆಯನ್ನು ಈ ದಿನ ತಮ್ಮ ಮುಂದಿಡಬೇಕೆಂದಿದ್ದೇವೆ.

ಕನ್ನಡನಾಡಿನ ಈಶಾನ್ಯದ ಅಂಚಿನಲ್ಲಿ ಗುರುಮಠಕಲ್ ಎಂಬ ಊರಿದೆ. ಕನ್ನಡ, ತೆಲುಗು, ಉರ್ದು ಮೂರು ಭಾಷೆಗಳೂ ಅಲ್ಲಿಯ ಪೇಟೆಯಲ್ಲಿ ಒಂದೇ ಉಸಿರಿನಲ್ಲಿ ಕೇಳಿಬರುವುವು. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಯಾದಗಿರಿಯ ಕೋಟೆ. ಮುಂದೆ ಭೀಮಾನದಿಯನ್ನು ದಾಟಿದರೆ, ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟ. ಅದರಾಚೆ, ಭೀಮಾ ಕೃಷ್ಣೆಗಳ ನಡುವಣ ಕಲ್ಲುಗುಡ್ಡಗಳ ಮಧ್ಯದಲ್ಲಿ ಸುರಪುರ. ೨೦೧೦ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಇದೆಲ್ಲವೂ ಕಲಬುರಗಿ ಜಿಲ್ಲೆಯ ಭಾಗ. ೧೯೪೮ಕ್ಕೆ ಮುಂಚೆ ನಿಜಾಮರ ರಾಜ್ಯ. ಅದಕ್ಕೂ ಹಿಂದೆ ಸುರಪುರದಲ್ಲಿ ಬೇಡ ನಾಯಕರ ಸಂಸ್ಥಾನವೊಂದು ನೆಲೆಗೊಂಡಿತ್ತು. ನಮ್ಮ ಕಥೆ ಅವರದು.

ಕಥೆಗೆ ಮೊದಲು ಶಬ್ದಗಳ ವಿಷಯವಾಗಿ ಒಂದೆರಡು ಮಾತು. ಮೆರೆಯುವ ನಡೆಗೆ ನಮ್ಮಲ್ಲಿ ಬಿಂಕ, ಸೊಕ್ಕು, ಬಿಗುಮಾನ, ಠೀವಿ ಎಂಬ ಪದಗಳಿವೆ. ಇವುಗಳ ಜೊತೆಗೆ ದಿಮಾಕು, ದೌಲತ್ತು, ಷೋಕಿ, ಗೈರತ್ತು ಎಂಬ ಇನ್ನೊಂದು ತಂಡವಿದೆ. ಇವು ಅರಬ್ಬೀ ಮೂಲದವು, ದಖ್ಖನದ ಸುಲ್ತಾನರ ಆಸ್ಥಾನಗಳ ಭಾಷೆಯ ಮೂಲಕ ನಮಗೆ ಬಂದವು. ಮೂಲದಲ್ಲಿ ದಿಮಾಕೆಂದರೆ ಮಿದುಳು. ದೌಲತ್ತೆಂದರೆ ರಾಜ್ಯ, ಐಶ್ವರ್ಯ. ಷೋಕಿಯ ಮೂಲಪದಕ್ಕೆ ಆಸಕ್ತಿ, ಅಭಿರುಚಿ ಎಂದು ಅರ್ಥ. ಗೈರತ್ತೆಂದರೆ ಅವಮಾನವನ್ನು ಸಹಿಸದ ಆತ್ಮಾಭಿಮಾನ. ಒಂದರಲ್ಲಿಯೂ ದೋಷವಿಲ್ಲ. ಕನ್ನಡಕ್ಕೆ ಬಂದೊಡನೆ ಮಾತ್ರ ಇವೆಲ್ಲವೂ ಬೈಗುಳದ ಬಣ್ಣವನ್ನು ತಾಳಿದುವು. ಇದೇಕೆ ಹೀಗಾಯಿತು? ಕುದುರೆಯ ಮೇಲೆ ಕುಳಿತು ಬಂದ ಅಧಿಕಾರಿಗೆ ಯಾವುದು ಮಾನವಾಗಿತ್ತೋ, ರಸ್ತೆಯ ಬದಿಗೆ ಸರಿದು ನಿಂತ ರೈತನಿಗೆ ಅದೇ ಸೊಕ್ಕಾಗಿ ಕಂಡಿತು. ಶಬ್ದವು ಒಂದೇ, ನೋಡುವ ಕಣ್ಣು ಬೇರೆ. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಉಪಯೋಗವಿದೆ.

ವೀರನು ತನ್ನ ವೀರತನವನ್ನು ಮೊದಲೇ ಸಾರಿ ಹೇಳುವುದು ನಮ್ಮ ದೇಶದಲ್ಲಿ ಹಳೆಯ ಪದ್ಧತಿ. ಒಡೆಯನ ಮುಂದೆ ಭಾಷೆ ಕೊಟ್ಟವನು ಅದನ್ನು ಪ್ರಾಣಕೊಟ್ಟಾದರೂ ತೀರಿಸಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಸ್ಮಾರಕ ಸ್ತಂಭವೊಂದಿದೆ. ವೀರಬಲ್ಲಾಳನು ೧೨೨೦ರ ಸುಮಾರಿಗೆ ತೀರಿಕೊಂಡಾಗ, ಆತನ ದಂಡನಾಯಕನಾದ ಲಕ್ಷ್ಮನು ಕೊಟ್ಟ ಮಾತಿನಂತೆ ಮಡದಿಯೊಡನೆಯೂ ಗರುಡರೆನಿಸಿದ ತನ್ನ ಭಟರೊಡನೆಯೂ ಪ್ರಾಣತ್ಯಾಗ ಮಾಡಿದನೆಂದು ಅಲ್ಲಿಯ ಶಾಸನವು ಸಾರುವುದು. ಇಂಥ ವೀರರು ತಮ್ಮ ಪ್ರತಿಜ್ಞೆಯ ಗುರುತಾಗಿ ಎಡಗಾಲಿಗೆ ತೊಡರನ್ನು ಧರಿಸುತ್ತಿದ್ದರು. ಹಳಗನ್ನಡದಲ್ಲಿ ತೊಡರೆಂದರೆ ಕಾಲಿನ ಆಭರಣ. ತೊಡರೆಂದರೆ ಸಂಕೋಲೆಯೂ ಹೌದು. ಬಿರುದೆಂಬುದರ ಸ್ವಭಾವವನ್ನು ಈ ಒಂದು ಮಾತು ತೋರಿಸಿಕೊಡುತ್ತದೆ. ಧರಿಸುವಾಗ ಅದು ಭೂಷಣ. ಬಿಚ್ಚಲು ಹೋದಾಗ ಅದು ಬಂಧನ.

ನಮ್ಮ ಮೈಸೂರಿನ ಅರಸರಿಗೆ 'ಬಿರುದೆಂತೆಂಬರ ಗಂಡ' ಎಂಬ ಬಿರುದಿದ್ದುದನ್ನು ತಾವೆಲ್ಲರೂ ಬಲ್ಲಿರಿ. ನಮಗೆ ಇಂಥಿಂಥ ಬಿರುದುಗಳಿವೆ ಎಂದು ಹೇಳಿಕೊಳ್ಳುವವರಿಗೆಲ್ಲ ಗಂಡನೆಂಬುದು ಅದರ ಅರ್ಥ. ಬಡಾಯಿಗೆ ಇದಕ್ಕಿಂತ ಎತ್ತರದ ಶಿಖರವುಂಟೆ? ಆದರೆ ಈ ಬಿರುದನ್ನು ಕೇಳಿ ಯಾರೂ ನಗುವುದಿಲ್ಲ. ಏಕೆಂದರೆ ಮೈಸೂರು ಉಳಿಯಿತು. ಸುರಪುರದ ಅರಸರು 'ಬಲವಂತ ಬಹರಿ ಬಹಾದ್ದೂರ್' ಎನಿಸಿಕೊಂಡರು. ಬಹರಿಯೆಂದರೆ ಬೇಟೆಯ ಡೇಗೆ. ಬಹಾದ್ದೂರ್ ಎಂಬುದು ಮಂಗೋಲರ ನಾಡಿನ ಕಡೆಯಿಂದ ಹೊರಟು ಮೊಗಲರ ದರ್ಬಾರಿನ ಮೂಲಕ ಕೃಷ್ಣಾತೀರಕ್ಕೆ ಬಂದು ಸೇರಿದ ಪದ. ಸುರಪುರವು ಉಳಿಯಲಿಲ್ಲ, ಆದಕಾರಣ ಅದರ ಬಿರುದನ್ನು ಕೇಳಿದವರು ಮುಗುಳ್ನಗುವುದುಂಟು.

ಬೇಡರು ಮೂಲತಃ ಬೇಟೆಯವರು, ಕಾಲಾಳುಗಳು. ಗುಡ್ಡಗಾಡಿನ ಯುದ್ಧದಲ್ಲಿಯೂ ಬಂದೂಕಿನ ಗುರಿಯಲ್ಲಿಯೂ ಅವರನ್ನು ಮೀರಿಸುವವರು ದಖ್ಖನದಲ್ಲಿ ವಿರಳವಾಗಿದ್ದರು. ಬಿಜಾಪುರವು ೧೬೮೬ರಲ್ಲಿಯೂ ಗೋಲ್ಕೊಂಡವು ೧೬೮೭ರಲ್ಲಿಯೂ ಔರಂಗಜೇಬನ ವಶವಾದ ಮೇಲೆ, ಶಹಾಪುರದ ಸಮೀಪದ ಸಗರದಲ್ಲಿದ್ದ ಪಾಮನಾಯಕನೂ ಅದೇ ವರ್ಷದ ಕೊನೆಗೆ ತನ್ನ ಕೋಟೆಯನ್ನು ಒಪ್ಪಿಸಿ ಬಾದಶಹನ ಬಿಡಾರಕ್ಕೆ ಹೋದನು. ಮೊಗಲರ ಕಡೆಯ ಲೇಖಕರು ಆತನ ಕಪ್ಪುಬಣ್ಣವನ್ನೂ ಒರಟು ರೂಪವನ್ನೂ ಕುರಿತು ಹಾಸ್ಯಮಾಡಿ ಬರೆದಿರುವರು. ಕೆಲವೇ ದಿನಗಳಲ್ಲಿ ಆತನು ತೀರಿಕೊಂಡನು. ಈ ನಗೆಯನ್ನು ಆತನ ಸಂಬಂಧಿಕನಾದ ಪಿಡ್ಡನಾಯಕನು ಮರೆತನೆಂದು ತೋರುವುದಿಲ್ಲ. ಕೆಲಕಾಲ ಮೊಗಲರ ಸೇವೆಯಲ್ಲಿದ್ದಂತೆ ಇದ್ದು, ಸುರಪುರದ ನೆರೆಯ ವಾಗಿನಗೇರಿಯನ್ನು ಬಲಪಡಿಸಿ, ಬಂದೂಕಿನವರನ್ನು ಕೂಡಿಸಿ, ಮರಾಠರೊಡನೆ ಸ್ನೇಹಬೆಳೆಸಿ, ಕೊನೆಗೆ ಕಪ್ಪವನ್ನು ನಿಲ್ಲಿಸಿಬಿಟ್ಟನು.

ವಾಗಿನಗೇರಿಯು ದೊಡ್ಡ ದುರ್ಗವೇನೂ ಅಲ್ಲ. ಆದರೂ ಅದರ ಮೇಲೆ ಬಂದವನು ಸ್ವಯಂ ಆಲಂಗೀರ ಬಾದಶಹನು. ಆಗ ಆತನಿಗೆ ೮೬ ವರ್ಷ. ಕಾಬೂಲಿನಿಂದ ಕರ್ನಾಟಕದವರೆಗೆ ಹಬ್ಬಿದ ಸಾಮ್ರಾಜ್ಯದ ಒಡೆಯನು ತನ್ನ ಮುಪ್ಪಿನ ಕಾಲದಲ್ಲಿ ಒಬ್ಬ ಬೇಡನಾಯಕನ ಗುಡ್ಡದ ಬುಡದಲ್ಲಿ ಡೇರೆ ಹಾಕಿದ್ದೇಕೆ? ಸೇನಾನಿಯೊಬ್ಬನನ್ನು ಕಳುಹಿಸಿದ್ದರೆ ಸಾಲದಾಗಿತ್ತೆ? ಇದರಲ್ಲಿ ರಾಜನೀತಿಯೆಷ್ಟು, ಹಟವೆಷ್ಟು ಎಂಬುದನ್ನು ತಾವೇ ನಿರ್ಣಯಿಸಬಹುದು. ೧೭೦೫ರ ಫೆಬ್ರುವರಿಯಲ್ಲಿ ಮುತ್ತಿಗೆಯು ಆರಂಭವಾಯಿತು. ಮುಂದೆ ಹೈದರಾಬಾದಿನ ನಿಜಾಮರ ಮನೆತನಕ್ಕೆ ಮೂಲಪುರುಷನಾದ ಚಿನ್ ಕಿಲಿಚ್ ಖಾನನು ಅಲ್ಲಿದ್ದನು. ಬೇಡರ ಗುಂಡುಗಳಿಗೆ ಮೊಗಲರ ದಂಡು ವಾರಗಟ್ಟಲೆ ಮುಂದೆ ಹೆಜ್ಜೆಯಿಡಲಾಗಲಿಲ್ಲ. ಮಾರ್ಚಿನಲ್ಲಿ ಧನಾಜಿ ಜಾಧವನ ಮರಾಠಾ ಸೈನ್ಯವು ನೆರವಿಗೆ ಬಂದಿತು. ಪಿಡ್ಡನಾಯಕನು ಸಂಧಿಯ ಮಾತನ್ನು ಹೂಡಿ, ತಮ್ಮನನ್ನು ಬಾದಶಹನ ಬಿಡಾರಕ್ಕೆ ಕಳುಹಿಸಿ, ದಿನಗಳನ್ನು ಕಳೆದನು. ಇನ್ನು ನಿಲ್ಲುವುದು ಸಾಧ್ಯವಿಲ್ಲವೆಂದು ಕಂಡಾಗ, ಏಪ್ರಿಲ್ ೨೭ರ ರಾತ್ರಿ, ಊರಿಗೆ ಬೆಂಕಿಯಿಟ್ಟು ತನ್ನವರೊಡನೆ ಕತ್ತಲೆಯಲ್ಲಿ ಜಾರಿಕೊಂಡನು. ಒಳಹೊಕ್ಕ ಮೊಗಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಬರಿದಾದ ಊರು. ಬಾದಶಹನು ಅದಕ್ಕೆ ದಯಾಮಯನಾದ ಭಗವಂತನ ಕೊಡುಗೆಯೆಂಬ ಅರ್ಥದಲ್ಲಿ 'ರಹಮಾನ್ ಬಕ್ಷ್' ಎಂದು ಹೆಸರಿಟ್ಟನು.

ಬರಿದಾದ ಕೋಟೆಗೆ ಬಿರುದಿನಂಥ ಹೆಸರು! ಇದು ಸಹ ಒಂದು ಗತ್ತಲ್ಲವೆ? ಔರಂಗಜೇಬನು ಸ್ವತಃ ನಡೆಸಿದ ಕಡೆಯ ಮುತ್ತಿಗೆ ಇದೇ. ಇದಾದ ಮೇಲೆ ಸಮೀಪದ ದೇವಾಪುರದಲ್ಲಿ ಹಾಸಿಗೆ ಹಿಡಿದು ತಿಂಗಳುಗಟ್ಟಲೆ ತಂಗಿದ್ದು, ಅಹಮದನಗರಕ್ಕೆ ತಿರುಗಿ, ೧೭೦೭ರಲ್ಲಿ ಅಲ್ಲಿಯೇ ತೀರಿಕೊಂಡನು. ಬೇಡರಾದರೋ ತಮ್ಮ ಗುಡ್ಡಗಳಿಗೆ ಮರಳಿದರು. ಸುರಪುರವು ಅವರ ರಾಜಧಾನಿಯಾಗಿ ಬೆಳೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಿಡ್ಡನಾಯಕನ ಜಂಬಕ್ಕೆ ಎರಡು ಆಧಾರಗಳಿದ್ದುವು. ಒಂದು, ಅದರ ಹಿಂದೆ ಕಲ್ಲುಗುಡ್ಡವೂ ಬಂದೂಕೂ ಇದ್ದುವು. ಎರಡನೆಯದು ಇದಕ್ಕಿಂತ ಮುಖ್ಯವಾದುದು: ಓಡಿಹೋಗುವುದು ಆತನಿಗೆ ನಾಚಿಕೆಯ ವಿಷಯವಾಗಿರಲಿಲ್ಲ. ನಿಲ್ಲಬೇಕಾದಾಗ ನಿಂತನು, ಬಾಗಿದಂತೆ ನಟಿಸಬೇಕಾದಾಗ ನಟಿಸಿದನು, ಓಡಬೇಕಾದಾಗ ಓಡಿದನು. ದೊಡ್ಡ ರಾಜ್ಯಗಳ ನಡುವೆ ಸಿಕ್ಕಿದ ಚಿಕ್ಕ ಒಡೆಯನಿಗೆ ಠೀವಿಯೆಂಬುದು ಒಂದು ಬೇಲಿ. ನನ್ನನ್ನು ಮುಟ್ಟಿದರೆ ನಿನಗೆ ನಷ್ಟವೆಂದು ಎದುರಾಳಿಯು ನಂಬಬೇಕು. ಆ ನಂಬಿಕೆಯು ಇದ್ದಷ್ಟು ದಿನ ಹೊಡೆದಾಡುವ ಅವಶ್ಯಕತೆಯೇ ಬರುವುದಿಲ್ಲ. ಪಿಡ್ಡನಾಯಕನು ಬೇಲಿಯನ್ನು ಬೇಲಿಯಂತೆಯೇ ಬಳಸಿದನು. ಅದಕ್ಕೆ ತನ್ನನ್ನು ತಾನು ಕಟ್ಟಿಹಾಕಿಕೊಳ್ಳಲಿಲ್ಲ.

ಮುಂದಿನ ಒಂದೂವರೆ ಶತಮಾನದಲ್ಲಿ ಬೇಲಿಯು ಉಳಿಯಿತು, ಹೊಲವು ಸವೆಯಿತು. ನಿಜಾಮರಿಗೂ ಪೇಶ್ವೆಗಳಿಗೂ ಕಪ್ಪ ಸಲ್ಲಿಸಬೇಕು. ಹೊಸ ಅರಸನು ಪಟ್ಟವೇರುವಾಗ ನಜರಾನೆಯನ್ನು ಒಪ್ಪಿಸಬೇಕು. ದರ್ಬಾರಿನ ಡೌಲಿಗೆ ಯಾವ ಕೊರತೆಯೂ ಆಗಕೂಡದು. ಸಾಲದ ಮೇಲೆ ಸಾಲ ಬೆಳೆಯಿತು. ೧೮೪೧-೪೨ರಲ್ಲಿ ಪಟ್ಟಕ್ಕೆ ಹಕ್ಕುದಾರನಾದ ವೆಂಕಟಪ್ಪ ನಾಯಕನು ಇನ್ನೂ ಎಂಟರ ಆಸುಪಾಸಿನ ಬಾಲಕ. ಆಡಳಿತವನ್ನು ಸರಿಪಡಿಸಲೆಂದು ಫಿಲಿಪ್ ಮೆಡೋಸ್ ಟೇಲರನು ಸುರಪುರಕ್ಕೆ ಬಂದನು. ಈತನು ನಿಜಾಮರ ಸೇನೆಯ ಅಧಿಕಾರಿ. ೧೮೩೯ರಲ್ಲಿ ಪ್ರಕಟವಾದ ಠಕ್ಕರ ಕುರಿತ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದವನು. ಸಾವಿರಾರು ಬೇಡರು ಆಯುಧವಿಲ್ಲದೆ ಮನೆಯಿಂದ ಹೊರಡದ ಊರಿನಲ್ಲಿ, ರಾಜಮಾತೆ ಈಶ್ವರಮ್ಮನ ಹಟವನ್ನು ಎದುರಿಸುತ್ತ, ಬೆರಳೆಣಿಕೆಯ ಜನರನ್ನಿಟ್ಟುಕೊಂಡು ಆಳಬೇಕಾದರೆ ಟೇಲರನಿಗೂ ತನ್ನದೇ ಆದ ಗತ್ತು ಬೇಕಾಗಿತ್ತು. ಊರಿಗೆ ಎತ್ತರವಾದ ಗುಡ್ಡದ ಮೇಲೆ ೧೮೪೪ರಲ್ಲಿ ಆತನು ಕಟ್ಟಿಸಿದ ಬಂಗಲೆಯು ಇಂದಿಗೂ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ನಿಂತಿದೆ. ಅದು ನಿಂತಿರುವ ಠೀವಿಯನ್ನು ನೋಡಿದರೆ ಕಟ್ಟಿಸಿದವನ ಮನಸ್ಸು ತಿಳಿಯುತ್ತದೆ. ಬಾಲಕನು ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ಟೇಲರನೂ ಆತನನ್ನು ಮಗನಂತೆ ಕಂಡನು. ಇದು ಸುಳ್ಳು ವಾತ್ಸಲ್ಯವಲ್ಲವೆಂದೇ ನಮ್ಮ ಅಭಿಪ್ರಾಯ. ಆದರೆ ಅಪ್ಪನ ಕೈಯಲ್ಲಿ ಬೀಗದ ಕೈಯಿತ್ತೆಂಬುದನ್ನೂ ಮರೆಯಲಾಗದು.

೧೮೫೩ರಲ್ಲಿ ಪ್ರಾಯಕ್ಕೆ ಬಂದ ಅರಸನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ಹೊರಟುಹೋದನು. ನಾಲ್ಕು ವರ್ಷಗಳಲ್ಲಿ ಉತ್ತರಹಿಂದೂಸ್ಥಾನದಲ್ಲಿ ಮಹಾಕ್ಷೋಭೆಯೆದ್ದಿತು. ಅದೇ ೧೮೫೭ರ ಕೊನೆಯಲ್ಲಿ, ಬಾಗಲಕೋಟೆಯ ಕಡೆಯ ಹಲಗಲಿಯ ಬೇಡರು ಸರ್ಕಾರದ ಆಜ್ಞೆಯಂತೆ ಆಯುಧಗಳನ್ನು ಒಪ್ಪಿಸಲೊಲ್ಲದೆ ಹೋರಾಡಿ ಸತ್ತರು, ಊರು ಸುಟ್ಟುಹೋಯಿತು. ಬೇಡನಿಗೆ ಆಯುಧವು ಒಡವೆಯಲ್ಲ, ಅಂಗ. ಹಲಗಲಿಯ ಲಾವಣಿಯನ್ನು ಮುಂದೆ ಫ್ಲೀಟ್ ಸಾಹೇಬನು ಸಂಗ್ರಹಿಸಿ ಅಚ್ಚುಹಾಕಿಸಿದುದರಿಂದ ಆ ಜನರ ಹೆಸರುಗಳಾದರೂ ನಮಗೆ ಉಳಿದಿವೆ.

ಸುರಪುರದಲ್ಲಿ ಅರಬರೂ ರೋಹಿಲರೂ ಬಂದು ಕೂಡಿದರು. ಅರಸನ ವಯಸ್ಸು ಇಪ್ಪತ್ತನಾಲ್ಕರ ಸುಮಾರು. ಬಲವಂತ ಬಹರಿಯೆಂಬ ಬಿರುದು ಹೆಗಲ ಮೇಲಿದೆ; ಮುತ್ತಜ್ಜಂದಿರು ಬಾದಶಹನನ್ನೇ ಗುಡ್ಡದ ಬುಡದಲ್ಲಿ ಕಾಯಿಸಿದ ಕಥೆಯನ್ನು ಕೇಳುತ್ತ ಬೆಳೆದವರು ಸುತ್ತಲೂ ನಿಂತಿದ್ದಾರೆ. ಹೈದರಾಬಾದಿನ ರೆಸಿಡೆಂಟನು ಬುದ್ಧಿಹೇಳಲು ಕ್ಯಾಂಬೆಲ್ ಎಂಬ ಅಧಿಕಾರಿಯನ್ನು ಕಳುಹಿಸಿದನು. ಆ ಮಾತಿಗೆ ಒಪ್ಪಿಕೊಂಡಿದ್ದರೆ ಸಂಸ್ಥಾನವು ಉಳಿಯುತ್ತಿತ್ತು. ಆದರೆ ಅಷ್ಟು ಕಣ್ಣುಗಳ ಮುಂದೆ ಆ ತರುಣನು ಒಪ್ಪಿಕೊಳ್ಳುವುದು ಹೇಗೆ? ೧೮೫೮ರ ಫೆಬ್ರುವರಿ ೭ರ ರಾತ್ರಿ ಸುರಪುರದವರು ಇಂಗ್ಲಿಷರ ಬಿಡಾರದ ಮೇಲೆ ಬಿದ್ದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಸತ್ತನು. ಅಷ್ಟರಲ್ಲಿ ಕರ್ನಲ್ ಮಾಲ್ಕಮನ ಸೇನೆಯು ಸಮೀಪಿಸಿತು. ಅರಸನು ಕೆಲವೇ ಜನರೊಡನೆ ಹೈದರಾಬಾದಿಗೆ ಓಡಿದನು. ಅಲ್ಲಿ ಸಾಲಾರ್ ಜಂಗನ ಜನರ ಕೈಗೆ ಸಿಕ್ಕಿದನು.

ಪಿಡ್ಡನಾಯಕನು ಓಡಿದನು, ವೆಂಕಟಪ್ಪನಾಯಕನೂ ಓಡಿದನು. ಆದರೆ ಎರಡು ಓಟಗಳಿಗೂ ವ್ಯತ್ಯಾಸವಿದೆ. ಪಿಡ್ಡನಾಯಕನು ಸೈನ್ಯದೊಡನೆ ತನ್ನ ಗುಡ್ಡಗಳ ಕಡೆಗೆ ಓಡಿದನು. ಆತನಿಗೆ ಮರಳಿ ಬರಲು ನೆಲವಿತ್ತು. ವೆಂಕಟಪ್ಪನಾಯಕನು ಓಡಿದ್ದು ಬೇರೊಬ್ಬರ ರಾಜಧಾನಿಗೆ. ತಂತಿಯೂ ಫಿರಂಗಿಯೂ ಸೇರಿದ ಹೊಸ ಕಾಲದಲ್ಲಿ ಗುಡ್ಡಗಳು ಯಾರನ್ನೂ ಬಚ್ಚಿಡಲಾರದೆ ಹೋದುವು.

ಸೆರೆಯಲ್ಲಿದ್ದ ಅರಸನನ್ನು ಟೇಲರನು ಹೋಗಿ ಕಂಡನು. ಆ ಭೇಟಿಯ ವೃತ್ತಾಂತವು ಆತನ ಆತ್ಮಚರಿತ್ರೆಯಲ್ಲಿದೆ. ಪ್ರಚೋದಿಸಿದವರ ಹೆಸರುಗಳನ್ನು ಹೇಳಿದರೆ ದಯೆತೋರಬಹುದೆಂದು ತಿಳಿಸಿದಾಗ ತರುಣನು ಅದಕ್ಕೆ ಒಪ್ಪಲಿಲ್ಲ. ತನ್ನನ್ನು ಕಳ್ಳನಂತೆ ಗಲ್ಲಿಗೇರಿಸಬಾರದೆಂದೂ, ತೋಪಿನ ಬಾಯಿಗೆ ಕಟ್ಟಿದರೆ ಹೆದರದೆ ನಿಲ್ಲುವೆನೆಂದೂ ಹೇಳಿದನು. ಸೈನಿಕ ನ್ಯಾಯಾಲಯವು ಮರಣದಂಡನೆಯನ್ನು ವಿಧಿಸಿತು. ರೆಸಿಡೆಂಟನು ಅದನ್ನು ಕಡಲಾಚೆಯ ಶಿಕ್ಷೆಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ತಗ್ಗಿಸಿ, ಮದರಾಸಿನ ಹತ್ತಿರದ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆವಾಸವನ್ನು ವಿಧಿಸಿದನು. ನಡತೆ ಸುಧಾರಿಸಿದರೆ ರಾಜ್ಯವನ್ನು ಮರಳಿ ಕೊಡುವ ಮಾತೂ ಇತ್ತು. ಆದರೆ ಬಡ ಬೇಡನೂ ಸೆರೆಮನೆಯಲ್ಲಿ ಬದುಕಲೊಪ್ಪನು, ಅರಸನಾದ ನಾನು ಹೇಗೆ ಒಪ್ಪಲೆಂಬುದು ಆತನ ನಿಲುವಾಗಿತ್ತು. ಪ್ರಯಾಣದ ಮೊದಲನೆಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಪ್ರಾಣವನ್ನು ನೀಗಿಕೊಂಡನೆಂದು ಟೇಲರನು ಬರೆದಿರುವನು. ೧೮೬೦ರ ಒಪ್ಪಂದದಿಂದ ಸುರಪುರವು ನಿಜಾಮರಿಗೆ ಬಹುಮಾನವಾಗಿ ಸಂದಿತು. ವಾಗಿನಗೇರಿಯ ಮುತ್ತಿಗೆಯಲ್ಲಿದ್ದ ಚಿನ್ ಕಿಲಿಚ್ ಖಾನನ ವಂಶಕ್ಕೆ, ೧೫೫ ವರ್ಷಗಳ ತರುವಾಯ, ಆ ಗುಡ್ಡಗಳು ಯುದ್ಧವಿಲ್ಲದೆ ದೊರೆತುವು.

ಈ ತರುಣನನ್ನು ನಾವು ಹೇಗೆ ತೂಗಬೇಕು? ಕೆಟ್ಟ ಸಹವಾಸದಿಂದ ಹಾಳಾದ ಹುಡುಗನೆಂದು ಕೆಲವರು ಬರೆದರು. ಸ್ವಾತಂತ್ರ್ಯಕ್ಕಾಗಿ ಬಲಿಯಾದ ವೀರನೆಂದು ಇಂದು ಆ ಸೀಮೆಯ ಜನರು ಗೌರವಿಸುವರು. ನಮಗೆ ತಿಳಿದಮಟ್ಟಿಗೆ ಸೆರೆಮನೆಯ ಮಾತುಗಳಿಗೆ ಮುಖ್ಯ ಸಾಕ್ಷಿ ಟೇಲರನೊಬ್ಬನೇ. ಆತನು ಪ್ರೀತಿಸಿದವನೂ ಹೌದು, ಗೆದ್ದವರ ಪಕ್ಷದವನೂ ಹೌದು. ಆದಕಾರಣ ಆ ಸಾಕ್ಷ್ಯವನ್ನು ಎಚ್ಚರದಿಂದ ಓದಬೇಕು. ಆದರೂ ಒಂದು ಸಂಗತಿಯು ಗಮನಾರ್ಹವಾಗಿದೆ. ತನ್ನವರ ಹೆಸರನ್ನು ಹೇಳದೆ ಹೋದ ಆ ಮೌನವು ಟೇಲರನಿಗೆ ಅನುಕೂಲವಾದುದಲ್ಲ, ಆತನ ಸರ್ಕಾರಕ್ಕೂ ಅನುಕೂಲವಾದುದಲ್ಲ. ಹಾಗಿದ್ದೂ ಆತನು ಅದನ್ನು ಬರೆದಿಟ್ಟನು. ದರ್ಬಾರಿನ ಡೌಲು, ಬಿರುದು, ಅರಬರ ಕಾವಲು ಎಲ್ಲವೂ ಕಳಚಿಬಿದ್ದ ಮೇಲೆ, ನೋಡುವವರು ಯಾರೂ ಇಲ್ಲದ ಕೋಣೆಯಲ್ಲಿ ಉಳಿದುದು ಈ ಒಂದು ಮೌನ. ಅದನ್ನು ಜಂಬವೆನ್ನಲು ನಮಗೆ ನಾಲಗೆಯೇಳದು. ಅರಬ್ಬಿಯಲ್ಲಿ ಗೈರತ್ತೆಂಬ ಪದಕ್ಕೆ ಇದ್ದ ಮೊದಲಿನ ಅರ್ಥವು ಇದೇ ಅಲ್ಲವೆ?

ಹಾಗೆಂದು ಆತ್ಮಹತ್ಯೆಯನ್ನು ನಾವು ಕೊಂಡಾಡುವವರಲ್ಲ. ನಾಲ್ಕು ವರ್ಷಗಳನ್ನು ತಾಳಿಕೊಂಡು ಮರಳಿಬಂದಿದ್ದರೆ ಸುರಪುರದ ಚರಿತ್ರೆಯು ಬೇರೆಯಾಗುತ್ತಿತ್ತೋ ಏನೋ. ಪಿಡ್ಡನಾಯಕನಾಗಿದ್ದರೆ ಬಹುಶಃ ತಲೆಬಾಗಿಸಿ, ನಾಲ್ಕು ವರ್ಷಗಳನ್ನು ಎಣಿಸಿ, ಮತ್ತೆ ಗುಡ್ಡವನ್ನೇರುತ್ತಿದ್ದನು. ಹಿರಿಯನಿಗೆ ಕಾಲಿನ ಭೂಷಣವಾಗಿದ್ದ ತೊಡರು ಕಿರಿಯನಿಗೆ ಸಂಕೋಲೆಯಾಯಿತು. ಬಲವಿದ್ದಾಗ ತೋರಿಸುವ ಗತ್ತನ್ನು ಬೇಕೆಂದಾಗ ಬಿಚ್ಚಿಡಬಹುದು. ಬಲವು ಹೋದ ಮೇಲೆ ಉಳಿದ ಗತ್ತನ್ನು ಬಿಚ್ಚಿದರೆ ಮೈಮೇಲೆ ಬೇರೇನೂ ಇರುವುದಿಲ್ಲ. ದುರ್ಬಲರು ಕೆಲವೊಮ್ಮೆ ಬಲಿಷ್ಠರಿಗಿಂತ ಹೆಚ್ಚು ಬಿಗಿಯಾಗಿ ನಡೆಯುವುದಕ್ಕೆ ಕಾರಣವು ಇದೇ ಎಂದು ತೋರುತ್ತದೆ.

ಇನ್ನೊಂದು ಮಾತು. ೮೬ ವರ್ಷದ ಬಾದಶಹನು ಬರಿದಾದ ಊರಿಗೆ ಹೆಸರಿಟ್ಟುದನ್ನು ಧೈರ್ಯವೆಂದು ಬರೆದ ಲೇಖನಿಗಳು ಬೇಡನಾಯಕನ ನಡೆಯನ್ನು ಉದ್ಧಟತನವೆಂದು ಬರೆದುವು. ಗುಡ್ಡದ ಮೇಲೆ ಬಂಗಲೆ ಕಟ್ಟಿದವನದು ಗಾಂಭೀರ್ಯವಾಯಿತು; ಗುಡ್ಡದ ಕೆಳಗೆ ಕತ್ತಿ ಹಿರಿದವನದು ಹುಂಬತನವಾಯಿತು. ಗೆದ್ದವನ ಠೀವಿಗೆ ಒಂದು ಹೆಸರು, ಸೋತವನ ಠೀವಿಗೆ ಇನ್ನೊಂದು ಹೆಸರು. ಚರಿತ್ರೆಯನ್ನು ಓದುವಾಗ ಈ ಹೆಸರುಗಳನ್ನು ತಿರುವಿಹಾಕಿ ನೋಡುವ ಅಭ್ಯಾಸವು ನಮಗೆ ಅವಶ್ಯಕವಾಗಿದೆ.

ಸಂಸ್ಥಾನವು ಹೋಯಿತು, ನಿಜಾಮರ ರಾಜ್ಯವೂ ೧೯೪೮ರಲ್ಲಿ ಮುಗಿಯಿತು, ೧೯೫೬ರಲ್ಲಿ ಆ ಸೀಮೆಯು ಕನ್ನಡನಾಡಿನೊಂದಿಗೆ ಒಂದಾಯಿತು. ನಡೆಯು ಮಾತ್ರ ಹೋಗಲಿಲ್ಲ. ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಿ ಇಂದಿಗೂ ತರುಣರು ಜಾರುವ ಕಂಬಗಳನ್ನು ಏರುವರು. ಜಾರಿ ಬೀಳುವರು, ನಗುವರು, ಮತ್ತೆ ಏರುವರು. ಬೀಳುವುದಕ್ಕೆ ನಾಚದ ಈ ಠೀವಿಯು ಪಿಡ್ಡನಾಯಕನ ಬಳುವಳಿಯೆಂದು ನಾವು ಭಾವಿಸಿದ್ದೇವೆ. ಗುರುಮಠಕಲ್ಲಿನ ಪೇಟೆಯಲ್ಲಾಗಲಿ ನಮ್ಮ ಊರಿನ ಬೀದಿಯಲ್ಲಾಗಲಿ ಎದೆಯೆತ್ತಿ ನಡೆಯುವ ಬಡವನೊಬ್ಬನನ್ನು ಕಂಡಾಗ, ಏನು ಇವನ ದಿಮಾಕು ಎಂದು ನಗುವುದಕ್ಕೆ ಮುಂಚೆ, ಆ ನಡೆಯ ಹಿಂದೆ ಅವನಿಗೆ ಇನ್ನೇನು ಉಳಿದಿದೆಯೆಂದು ಒಂದು ಕ್ಷಣ ಯೋಚಿಸುವುದು ಒಳ್ಳೆಯದು.